ಕ್ಯಾಮೆರಾದ ಭಾರ ಯಾರ ಹೆಗಲಿಗೆ?



ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ, ವಿನ್ಯಾಸ ಸ್ಪರ್ಧೆಗಳಲ್ಲಿ ‘ನಾಳಿನ ಕ್ಯಾಮೆರಾ’ ಎಂಬ ಹೆಸರಿನ ಚಿತ್ರಗಳನ್ನು ನೀವು ನೋಡಿರಬಹುದು. ನಿಮ್ಮಲ್ಲಿ ಕೆಲವರು ಬರೆದೂ ಇರಬಹುದು. ಬೆರಳಿಗೆ ಉಂಗುರದಂತೆ ತೊಡುವ ಕ್ಯಾಮೆರಾ, ರೆಪ್ಪೆ ಮಿಟುಕಿಸಿದರೆ ಚಿತ್ರ ತೆಗೆಯುವ ಕನ್ನಡಕ, ಚೆಂಡಿನಂತೆ ಮೇಲಕ್ಕೆ ಎಸೆಯುವ ಕ್ಯಾಮೆರಾ. ನೋಡಲು ಬಹಳ ಅಂದ. ಆದರೆ ಉಂಗುರದೊಳಗೆ ಬ್ಯಾಟರಿ ಎಲ್ಲಿ ಕೂರುತ್ತದೆ, ಮಸೂರದ ಹಿಂದೆ ಬಿಂಬ ಮೂಡುವುದಕ್ಕೆ ಜಾಗ ಎಲ್ಲಿದೆ ಎಂದು ಕೇಳಿದರೆ ಬರೆದವರು ತಲೆ ಕೆರೆದುಕೊಳ್ಳುತ್ತಾರೆ. ಕಲ್ಪನೆ ತಪ್ಪೆಂದು ನಾನು ಹೇಳುತ್ತಿಲ್ಲ. ಕಲ್ಪನೆಯನ್ನು ತೂಗಿ ನೋಡಲು ನಮಗೊಂದು ತಕ್ಕಡಿ ಬೇಕು.

ಹೊಸ ಕ್ಯಾಮೆರಾ ಆಗಲಿ, ಕ್ಯಾಮೆರಾದ ಜೊತೆಗೆ ಬಳಸುವ ಸಲಕರಣೆ ಆಗಲಿ, ಅದನ್ನು ಕಂಡಾಗ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಇದು ಯಾರ ಯಾವ ಕಷ್ಟವನ್ನು ಇಳಿಸಿತು? ಇಳಿಸಿದ ಕಷ್ಟವನ್ನು ಎಲ್ಲಿ ಒಯ್ದು ಇಟ್ಟಿತು? ಮೊದಲ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಜಾಹೀರಾತು ಬರೆಯುವವರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ. ಕ್ಯಾಮೆರಾದ ಚರಿತ್ರೆಯಲ್ಲಿ ಕಷ್ಟ ಪೂರ್ತಿ ಮಾಯವಾದ ಉದಾಹರಣೆ ನನಗಂತೂ ಸಿಕ್ಕಿಲ್ಲ. ಅದು ಕೈಯಿಂದ ಕಾರ್ಖಾನೆಗೆ, ಹೆಗಲಿನಿಂದ ಸೊಂಟಕ್ಕೆ, ಗಾಜಿನಿಂದ ಗಣಿತಕ್ಕೆ ವರ್ಗವಾಗುತ್ತದೆ, ಅಷ್ಟೆ.

ಕೆಲವು ಉದಾಹರಣೆ ನೋಡೋಣ. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ವಿಧಾನದಲ್ಲಿ ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟು ದ್ರವ ಬಳಿದು, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು, ಒದ್ದೆಯಾಗಿರುವಾಗಲೇ ಸಂಸ್ಕರಿಸಬೇಕಿತ್ತು. ಬೆಟ್ಟದ ಚಿತ್ರ ಬೇಕೆಂದರೆ ಕತ್ತಲೆಯ ಡೇರೆಯನ್ನೂ ರಾಸಾಯನಿಕಗಳ ಬಾಟಲಿಗಳನ್ನೂ ಬೆಟ್ಟಕ್ಕೆ ಹೊರಬೇಕು. ಮುಂದೆ ಒಣ ಫಲಕಗಳು ಬಂದು ಈ ಪಾಡು ಸ್ವಲ್ಪ ತಗ್ಗಿತು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಮಾರಾಟಕ್ಕೆ ತಂದ ಕೊಡಕ್ ಪೆಟ್ಟಿಗೆಯೊಳಗೆ ನೂರು ಚಿತ್ರಗಳಿಗೆ ಸಾಕಾಗುವ ಸುರುಳಿ ಇತ್ತು. ಬೆಲೆ 25 ಡಾಲರ್. ನೂರೂ ಮುಗಿದ ಮೇಲೆ ಕ್ಯಾಮೆರಾವನ್ನೇ ರೋಚೆಸ್ಟರ್ ಊರಿನ ಕಾರ್ಖಾನೆಗೆ ಕಳುಹಿಸಬೇಕು. 10 ಡಾಲರ್ ಕೊಟ್ಟರೆ ಚಿತ್ರಗಳು ಬರುತ್ತವೆ, ಹೊಸ ಸುರುಳಿ ತುಂಬಿದ ಕ್ಯಾಮೆರಾವೂ ಬರುತ್ತದೆ. ರಾಸಾಯನಿಕದ ಕೆಲಸ ಡೇರೆಯಿಂದ ಕಾರ್ಖಾನೆಗೆ ಹೋಯಿತು. ಆ ಪೆಟ್ಟಿಗೆಯಲ್ಲಿ ಅಂಥ ಯಂತ್ರ ಚಮತ್ಕಾರವೇನೂ ಇರಲಿಲ್ಲ. ಈಸ್ಟ್‌ಮನ್ ವಿನ್ಯಾಸ ಮಾಡಿದ್ದು ಪೆಟ್ಟಿಗೆಯನ್ನಲ್ಲ, ಅಂಚೆಯಲ್ಲಿ ಹೋಗಿ ಬರುವ ಒಂದು ವ್ಯವಸ್ಥೆಯನ್ನು.

ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ ಲೈಟ್ಸ್ ಕಂಪನಿಯ ಆಸ್ಕರ್ ಬಾರ್ನಾಕ್ ಅವರಿಗೆ ಉಬ್ಬಸದ ಕಾಯಿಲೆ. ಭಾರಿ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಆಗದ ಮಾತು. ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಫಿಲಂ ತೆಗೆದುಕೊಂಡು, ಅದನ್ನು ಅಡ್ಡಲಾಗಿ ಓಡಿಸಿ, 24 ಮಿಲಿಮೀಟರ್ ಎತ್ತರ 36 ಮಿಲಿಮೀಟರ್ ಅಗಲದ ಚೌಕಟ್ಟು ಮಾಡಿಕೊಂಡರು. 1914ರ ಹೊತ್ತಿಗೆ ಮಾದರಿ ಸಿದ್ಧವಾಗಿತ್ತು. ಯುದ್ಧದ ಕಾರಣ ತಡವಾಗಿ, 1925ರ ಲೈಪ್‌ಜಿಗ್ ಮೇಳದಲ್ಲಿ ಅದು ‘ಲೈಕಾ’ ಆಗಿ ಹೊರಬಂತು. ಪುಟ್ಟ ನೆಗೆಟಿವ್‌ನಿಂದ ದೊಡ್ಡ ಚಿತ್ರ ಮಾಡಬೇಕಾದರೆ ಹಿಗ್ಗಿಸುವ ಯಂತ್ರ ಬೇಕು, ಒಂದು ಕೂದಲೆಳೆಯಷ್ಟು ದೋಷವೂ ಕಾಣದ ಮಸೂರ ಬೇಕು. ಹೆಗಲು ಹಗುರವಾಯಿತು, ಮಸೂರ ಅರೆಯುವವರ ಮೇಲೆ ಹೊರೆ ಬಿತ್ತು. ಲೈಟ್ಸ್ ಸೂಕ್ಷ್ಮದರ್ಶಕ ತಯಾರಿಸುವ ಕಂಪನಿಯಾಗಿದ್ದುದರಿಂದ ಅದನ್ನು ಹೊರಲು ಅವರಿಗೆ ಸಾಧ್ಯವಾಯಿತು ಎಂದು ನನಗೆ ತೋರುತ್ತದೆ.

ಈಸ್ಟ್‌ಮನ್ ಕಾರ್ಖಾನೆಗೆ ಕಳಿಸಿದ ಕೆಲಸವನ್ನು ಮತ್ತೆ ಕ್ಯಾಮೆರಾದ ಹತ್ತಿರಕ್ಕೇ ಎಳೆದು ತಂದವರು ಎಡ್ವಿನ್ ಲ್ಯಾಂಡ್. ತೆಗೆದ ಚಿತ್ರವನ್ನು ಈಗಲೇ ಏಕೆ ನೋಡಬಾರದು ಎಂದು ಅವರ ಪುಟ್ಟ ಮಗಳು 1943ರಲ್ಲಿ ಕೇಳಿದಳಂತೆ. ಮಕ್ಕಳ ಇಂಥ ಪ್ರಶ್ನೆಗೆ ನಾವು ‘ಸುಮ್ಮನಿರಮ್ಮ’ ಎನ್ನುತ್ತೇವೆ. ಲ್ಯಾಂಡ್ ಆ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ಒಯ್ದರು. 1948ರಲ್ಲಿ ಮಾರಾಟಕ್ಕೆ ಬಂದ ಅವರ ಪೋಲರಾಯ್ಡ್ ಕ್ಯಾಮೆರಾದಲ್ಲಿ ರಾಸಾಯನಿಕ ತುಂಬಿದ ಪುಟ್ಟ ಚೀಲ ಎರಡು ಉರುಳೆಗಳ ನಡುವೆ ಒಡೆದು ಎರಡು ಹಾಳೆಗಳ ನಡುವೆ ಹರಡುತ್ತಿತ್ತು. 1972ರ ಎಸ್‌ಎಕ್ಸ್-70 ಇನ್ನೂ ಸೊಗಸು. ಮಡಚಿದರೆ ಕೋಟಿನ ಜೇಬಿಗೆ ಹೋಗುವಂಥದು. ಗುಂಡಿ ಒತ್ತಿದರೆ ಹಾಳೆ ತಾನೇ ಹೊರಬಂದು ಹಗಲು ಬೆಳಕಿನಲ್ಲಿ, ನಿಮ್ಮ ಕಣ್ಣೆದುರು, ಚಿತ್ರವಾಗುತ್ತದೆ. ಅದರ ಮೋಟಾರಿಗೆ ವಿದ್ಯುತ್ ಎಲ್ಲಿಂದ? ಹತ್ತು ಹಾಳೆಗಳ ಪ್ರತಿಯೊಂದು ಪೊಟ್ಟಣದ ತಳದಲ್ಲೂ ಚಪ್ಪಟೆಯಾದ ಬ್ಯಾಟರಿ! ಹೊಸ ಪೊಟ್ಟಣ ಹಾಕಿದಾಗ ಹೊಸ ಬ್ಯಾಟರಿಯೂ ಬಂದಂತೆ. ಬ್ಯಾಟರಿ ಮುಗಿದು ಕ್ಯಾಮೆರಾ ನಿಲ್ಲುವ ಪ್ರಶ್ನೆಯೇ ಏಳದ ಹಾಗೆ ಆ ಕಷ್ಟವನ್ನು ಫಿಲಂ ಒಳಗೆ ಅಡಗಿಸಿಬಿಟ್ಟರು. ನನ್ನ ಮಟ್ಟಿಗೆ ಆ ಕ್ಯಾಮೆರಾದ ಅತಿ ಜಾಣತನದ ಭಾಗ ಅದೇ.

ಈಗ ಎರಡನೆಯ ಪ್ರಶ್ನೆ. ಎಲ್ಲವೂ ಪೊಟ್ಟಣದೊಳಗೆ ಹೋದ ಮೇಲೆ ಪೊಟ್ಟಣವಿಲ್ಲದೆ ಕ್ಯಾಮೆರಾಕ್ಕೆ ಜೀವವಿಲ್ಲ. 2008ರಲ್ಲಿ ಪೋಲರಾಯ್ಡ್ ಕಂಪನಿ ಆ ಫಿಲಂ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದಾಗ, ಕೆಡದೆ ಚೆನ್ನಾಗಿದ್ದ ಕ್ಯಾಮೆರಾಗಳೂ ಮೂಲೆ ಸೇರುವ ಸ್ಥಿತಿ ಬಂತು. ನೆದರ್‌ಲೆಂಡ್ಸ್‌ನ ಎನ್‌ಸ್ಕೆಡೆ ಊರಿನ ಕಾರ್ಖಾನೆಯನ್ನು ಕೆಲವು ಹಳೆಯ ಕೆಲಸಗಾರರೂ ಉತ್ಸಾಹಿಗಳೂ ಉಳಿಸಿಕೊಂಡು 2010ರಿಂದ ಮತ್ತೆ ಫಿಲಂ ಮಾಡಿದ ಕಾರಣ ಅವು ಬದುಕಿಕೊಂಡವು.

ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಹತ್ತಿರವಾದ ಉದಾಹರಣೆ ಮುಂದಿನದು. ಜಾತ್ರೆಯ ಗದ್ದಲದಲ್ಲಿ ನೀವು ನಡೆಯುತ್ತಾ ತೇರನ್ನು ನೋಡುತ್ತೀರಿ. ಹೆಜ್ಜೆ ಹೆಜ್ಜೆಗೂ ನಿಮ್ಮ ತಲೆ ಕುಲುಕುತ್ತದೆ, ಆದರೆ ತೇರು ಕುಲುಕಿದಂತೆ ಕಾಣುವುದಿಲ್ಲ. ಒಳಗಿವಿಯಿಂದ ಬಂದ ಸುದ್ದಿಯಂತೆ ಕಣ್ಣಿನ ಸ್ನಾಯುಗಳು ಕ್ಷಣಕ್ಷಣವೂ ಕಣ್ಣುಗುಡ್ಡೆಯನ್ನು ಎದುರು ದಿಕ್ಕಿಗೆ ತಿರುಗಿಸಿ ಸರಿದೂಗಿಸುತ್ತವೆ. ಕ್ಯಾಮೆರಾಕ್ಕೆ ಒಳಗಿವಿ ಇಲ್ಲ. ಹೊತ್ತು ನಡೆದರೆ ತೇರು ಕುಣಿಯುತ್ತದೆ. ಅದಕ್ಕೇ ಹಳಿ ಹಾಸಿ, ಅದರ ಮೇಲೆ ಗಾಲಿಯ ಬಂಡಿ ಇಟ್ಟು ಕ್ಯಾಮೆರಾ ತಳ್ಳುತ್ತಿದ್ದರು, ಈಗಲೂ ತಳ್ಳುತ್ತಾರೆ. ಮೆಟ್ಟಿಲಿದ್ದರೆ? ಜನಜಂಗುಳಿ ಇದ್ದರೆ? ಹಳಿ ಹಾಸುವುದೆಲ್ಲಿ?

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾಹೀರಾತು ಚಿತ್ರ ಮಾಡಿಕೊಂಡಿದ್ದ ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ಇದಕ್ಕೆ ಕೈಹಾಕಿದರು. ಅವರು ಕಟ್ಟಿದ ಸ್ಟೆಡಿಕ್ಯಾಮ್ ಅರ್ಥವಾಗಬೇಕಾದರೆ ಒಂದು ಪ್ರಯೋಗ ಮಾಡಿ. ಒಂದು ಮೀಟರ್ ಉದ್ದದ ಕೋಲು ತೆಗೆದುಕೊಂಡು, ಒಂದೇ ತೂಕದ ಎರಡು ಕಲ್ಲುಗಳನ್ನು ಮಧ್ಯಬಿಂದುವಿನ ಎರಡು ಪಕ್ಕದಲ್ಲಿ ಹತ್ತು ಹತ್ತು ಸೆಂಟಿಮೀಟರ್ ದೂರಕ್ಕೆ ಕಟ್ಟಿ. ಮಧ್ಯದಲ್ಲಿ ಹಿಡಿದು ಅತ್ತಿತ್ತ ತಿರುವಿ. ಸುಲಭವಾಗಿ ತಿರುಗುತ್ತದೆ. ಈಗ ಅದೇ ಕಲ್ಲುಗಳನ್ನು ನಲವತ್ತು ಸೆಂಟಿಮೀಟರಿಗೆ ಸರಿಸಿ. ತೂಕ ಅಷ್ಟೇ, ಆದರೆ ಕೋಲು ತಿರುಗಲು ಒಪ್ಪುವುದಿಲ್ಲ. ಕಾಲೇಜಿನವರು ಇದನ್ನು ಮೊಮೆಂಟ್ ಆಫ್ ಇನರ್ಷಿಯಾ ಎಂದು ಓದಿರುತ್ತೀರಿ. ದೂರ ನಾಲ್ಕು ಪಟ್ಟಾದರೆ, ಕೋಲಿನ ಸ್ವಂತ ಭಾರ ಬಿಟ್ಟು ಲೆಕ್ಕ ಹಾಕಿದರೆ, ಅದು ಹದಿನಾರು ಪಟ್ಟು. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವ ಹುಡುಗಿ ಉದ್ದನೆಯ ಗಳು ಹಿಡಿದಿರುವುದರ ಗುಟ್ಟೂ ಇದೇ.

ಬ್ರೌನ್ ಕ್ಯಾಮೆರಾವನ್ನು ಒಂದು ಕಂಬದ ತುದಿಯಲ್ಲಿ ಇಟ್ಟರು. ಅದರ ಬ್ಯಾಟರಿಯನ್ನೂ ಚಿತ್ರ ನೋಡುವ ಪುಟ್ಟ ಪರದೆಯನ್ನೂ ಕಂಬದ ಕೆಳತುದಿಗೆ ಕಟ್ಟಿದರು. ಭಾರ ಹೀಗೆ ಹರಡಿದ್ದರಿಂದ ಇಡೀ ಸಲಕರಣೆ ಸಣ್ಣಪುಟ್ಟ ತಿರುವಿಗೆ ಜಗ್ಗದು. ಇನ್ನೊಂದು ಲಾಭವೂ ಆಯಿತು, ಅದು ಇದಕ್ಕಿಂತ ದೊಡ್ಡದು. ಕ್ಯಾಮೆರಾದ ಗುರುತ್ವ ಕೇಂದ್ರ ಅದರ ಹೊಟ್ಟೆಯೊಳಗೆ ಇರುತ್ತದೆ, ಅಲ್ಲಿ ಕೈ ಹಾಕಿ ಹಿಡಿಯಲಾಗದು. ಕೆಳಗೆ ತೂಕ ಕಟ್ಟಿದಾಗ ಆ ಕೇಂದ್ರ ಕ್ಯಾಮೆರಾದಿಂದ ಹೊರಬಂದು ಬರಿಯ ಕಂಬದ ಮೇಲೆ ನಿಂತಿತು. ಅದಕ್ಕೆ ತುಸು ಮೇಲೆ, ಎಲ್ಲ ದಿಕ್ಕಿಗೂ ಸಲೀಸಾಗಿ ತಿರುಗುವ ಕೀಲು ಹಾಕಿದರು. ಕೈ ನಡುಗಿದರೂ ಕೀಲು ಆ ನಡುಕವನ್ನು ಮೇಲಕ್ಕೆ ಬಿಡುವುದಿಲ್ಲ. ಕ್ಯಾಮೆರಾ ತಿರುಗಿಸಲು ಎರಡು ಬೆರಳು ಸೋಕಿಸಿದರೆ ಸಾಕು. ಇನ್ನು ಹೆಜ್ಜೆಯ ಏರಿಳಿತ. ಅದನ್ನು ನುಂಗಲು ಸ್ಪ್ರಿಂಗ್ ಅಳವಡಿಸಿದ, ಮೊಣಕೈಯಂತೆ ಮಡಚುವ ತೋಳು. ಆ ತೋಳು ಕ್ಯಾಮೆರಾಮನ್ ತೊಟ್ಟ ಗಟ್ಟಿ ಅಂಗಿಗೆ ಜೋಡಣೆ. ಇಡೀ ಭಾರ ಬೆನ್ನು ಸೊಂಟಗಳಿಗೆ ಇಳಿಯುತ್ತದೆ.

1976ರಲ್ಲಿ ಬಿಡುಗಡೆಯಾದ ‘ಬೌಂಡ್ ಫಾರ್ ಗ್ಲೋರಿ’ ಚಿತ್ರದಲ್ಲಿ ಬ್ರೌನ್ ಕ್ರೇನಿನಿಂದ ಇಳಿದು, ಅದೇ ಷಾಟಿನಲ್ಲಿ ಜನರ ಗುಂಪಿನೊಳಗೆ ನಡೆದುಹೋದರು. ಅದೇ ವರ್ಷದ ‘ರಾಕಿ’ಯಲ್ಲಿ ನಾಯಕ ಫಿಲಡೆಲ್ಫಿಯಾದ ವಸ್ತುಸಂಗ್ರಹಾಲಯದ ಮೆಟ್ಟಿಲು ಹತ್ತಿ ಓಡುವಾಗ ಕ್ಯಾಮೆರಾವೂ ಅವನೊಂದಿಗೆ ತೇಲಿತು. ಹಳಿ ಹಾಸುವ ಕೆಲಸ ಹೋಯಿತು, ನಿಜ. ಅದು ಹೋದದ್ದು ಒಬ್ಬ ಮನುಷ್ಯನ ಬೆನ್ನಿಗೆ. ದೊಡ್ಡ ಸಿನಿಮಾ ಕ್ಯಾಮೆರಾ ಏರಿಸಿದರೆ ಇಡೀ ಸಲಕರಣೆ ಒಂದು ಮಗುವಿನ ತೂಕ ಮೀರುತ್ತದೆ. ಅದನ್ನು ತೊಟ್ಟು ಹತ್ತನೆಯ ಸಲ ಅದೇ ಷಾಟ್ ತೆಗೆಯುವ ಕ್ಯಾಮೆರಾಮನ್ ಮುಖ ನೋಡಿದವರಿಗೆ ಪರದೆಯ ಮೇಲಿನ ಆ ತೇಲುವಿಕೆಯ ಬೆಲೆ ತಿಳಿಯುತ್ತದೆ. ನಿರ್ದೇಶಕರು ‘ಇನ್ನೊಂದೇ ಒಂದು’ ಎನ್ನುವಾಗ ಇದನ್ನು ನೆನಪಿಡುವುದು ಒಳ್ಳೆಯದು.

ಗೆಲ್ಲದ ವಿನ್ಯಾಸವನ್ನೂ ಒಂದು ನೋಡಿ. ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧನೆ ಮಾಡಿದ ರೆನ್ ಂಗ್ ಎಂಬುವರ ಲೈಟ್ರೊ ಕ್ಯಾಮೆರಾ 2012ರಲ್ಲಿ ಗ್ರಾಹಕರ ಕೈ ಸೇರಿತು. ಚಿತ್ರ ತೆಗೆದ ಮೇಲೆ ಫೋಕಸ್ ಮಾಡಬಹುದೆಂಬುದು ಅದರ ಹೆಗ್ಗಳಿಕೆ. ಸಂವೇದಕದ ಮುಂದೆ ಸಾವಿರಾರು ಕಿರುಮಸೂರಗಳು. ಬೆಳಕು ಎಷ್ಟು ಬಂತು ಎನ್ನುವುದರ ಜೊತೆಗೆ ಯಾವ ದಿಕ್ಕಿನಿಂದ ಬಂತು ಎಂಬುದೂ ದಾಖಲಾಗುತ್ತದೆ. ಉಳಿದದ್ದನ್ನು ಗಣಿತ ಮಾಡುತ್ತದೆ. ಆದರೆ ದಿಕ್ಕು ದಾಖಲಿಸಲು ಖರ್ಚಾದ ಬಿಂದುಗಳು ಚಿತ್ರದ ವಿವರಕ್ಕೆ ಉಳಿಯಲಿಲ್ಲ. ಸಂವೇದಕದ ಸಾಮರ್ಥ್ಯದ ಸುಮಾರು ಹತ್ತನೇ ಒಂದು ಭಾಗದಷ್ಟೇ ವಿವರ ಚಿತ್ರದಲ್ಲಿ ಸಿಗುತ್ತಿತ್ತು. ಕಂಪನಿ 2018ರಲ್ಲಿ ಬಾಗಿಲು ಹಾಕಿತು. ಅದು ಕೆಟ್ಟ ಕಲ್ಪನೆ ಎಂದು ನಾನು ಒಪ್ಪುವುದಿಲ್ಲ. ಫೋಕಸ್ ಮಾಡುವ ಕಷ್ಟವನ್ನು ಜನ ಅಷ್ಟೊಂದು ದೊಡ್ಡ ಕಷ್ಟವೆಂದು ಭಾವಿಸಿರಲಿಲ್ಲ, ಆ ಬೆಲೆ ತೆರಲು ಒಪ್ಪಲಿಲ್ಲ.

ಇಷ್ಟೆಲ್ಲ ಯಂತ್ರಗಳ ನಡುವೆ ನಮ್ಮವರ ಎರಡು ಸಲಕರಣೆಗಳನ್ನು ಮರೆಯಬಾರದು. ಒಂದು ಬಟ್ಟೆ, ಇನ್ನೊಂದು ಕನ್ನಡಿ. 1956ರ ‘ಅಪರಾಜಿತೊ’ ಚಿತ್ರಕ್ಕೆ ಕಾಶಿಯ ಮನೆಯಂಗಳವನ್ನು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಅಂಗಳದ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿಸಿ, ದೀಪಗಳನ್ನು ನೇರವಾಗಿ ನಟರ ಮೇಲೆ ಬಿಡದೆ ಬಟ್ಟೆಯ ಮೇಲೆ ಬಿಟ್ಟರು. ಮರಳಿ ಬಂದ ಬೆಳಕು ಆಕಾಶದ ಬೆಳಕಿನಂತೆ ಮೃದುವಾಗಿತ್ತು, ನೆರಳು ಅಂಚಿಲ್ಲದೆ ಹರಡಿತ್ತು. ನಮ್ಮ ಮೈಸೂರಿನವರಾದ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಬೇಕಾದ ಬೆಳಕಿನ ಕೋಲನ್ನು ದೀಪದಿಂದ ತರಲಿಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಸ್ಟುಡಿಯೋದೊಳಗೆ ಬೀಳಿಸಿದರು. ಸೂರ್ಯನಿಂದ ಬರುವ ಕಿರಣಗಳು ಹೆಚ್ಚುಕಡಿಮೆ ಸಮಾಂತರ. ಹತ್ತಿರದ ದೀಪದ ಬೆಳಕಿನಂತೆ ಅವು ಹರಡಿಕೊಳ್ಳುವುದಿಲ್ಲ. ಕಷ್ಟ ಎಲ್ಲಿಗೆ ಹೋಯಿತು? ಸೂರ್ಯ ಸರಿಯುತ್ತಲೇ ಇರುತ್ತಾನೆ, ಕನ್ನಡಿಯನ್ನೂ ಸರಿಸುತ್ತಲೇ ಇರಬೇಕು. ಛಾಯಾಗ್ರಾಹಕರಲ್ಲಿ ಮೊದಲಿಗರಾಗಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು ಈ ಮೂರ್ತಿಯವರೇ. ಅದು 2008ನೇ ಸಾಲಿನ ಪ್ರಶಸ್ತಿ.

ಮನೆಯಲ್ಲಿ ಮಾಡಿ ನೋಡಲು ಕೊನೆಯದಾಗಿ ಒಂದು ಪ್ರಯೋಗ. ವಿಡಿಯೊ ಕುಲುಕದಂತೆ ತಡೆಯುವ ಸೌಲಭ್ಯ ಇಂದಿನ ಅನೇಕ ಮೊಬೈಲ್ ಫೋನುಗಳಲ್ಲಿದೆ. ಕೆಲವು ಫೋನುಗಳಲ್ಲಿ ಮಸೂರವೋ ಸಂವೇದಕವೋ ನಿಜವಾಗಿಯೇ ಕದಲಿ ಸರಿದೂಗಿಸುತ್ತದೆ. ಇನ್ನು ಕೆಲವು, ಚಿತ್ರದ ಸುತ್ತ ಅಂಚು ಬಿಟ್ಟುಕೊಂಡು, ಕುಲುಕಿದಷ್ಟೂ ಚೌಕಟ್ಟನ್ನು ಎದುರು ದಿಕ್ಕಿಗೆ ಸರಿಸುತ್ತವೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಗೇಣಿಗೆ ಗೆರೆ ಎಳೆಯಿರಿ. ಎದುರಿನ ಕುರ್ಚಿಯ ಮೇಲೆ ಫೋನನ್ನು ಕದಲದಂತೆ ಇಟ್ಟು, ಆ ಸೌಲಭ್ಯವನ್ನು ಒಮ್ಮೆ ಹಾಕಿ, ಒಮ್ಮೆ ತೆಗೆದು ಎರಡು ವಿಡಿಯೊ ಮಾಡಿ. ಎರಡರಲ್ಲೂ ಎಷ್ಟೆಷ್ಟು ಗೆರೆಗಳು ಕಾಣುತ್ತವೆಂದು ಎಣಿಸಿ ಬರೆದಿಡಿ.