ಕೀಲುನೋವು ಎಲ್ಲ ಒಂದೇ ಅಲ್ಲ

ಇವತ್ತು ಕೀಲುನೋವಿನ ಬಗ್ಗೆ ನಾಲ್ಕು ಮಾತು ಆಡೋಣ.

ರೈತರೊಬ್ಬರ ಕಾಲಿನ ಬೆರಳು ಊದಿತ್ತು. ರಕ್ತ ಪರೀಕ್ಷೆ ಆಯ್ತು. ಯೂರಿಕ್ ಆಮ್ಲ 8 ಇತ್ತು. ಗಂಡಸರಿಗೆ ಸುಮಾರು 7ರ ಒಳಗೆ ಇರಬೇಕು. "ಇದು ಗೌಟ್" ಅಂತ ಮಾತ್ರೆ ಕೊಟ್ಟರು. ಆರು ತಿಂಗಳಾದರೂ ಊತ ಇಳಿಯಲಿಲ್ಲ.

ಆಮೇಲೆ ಇನ್ನೊಬ್ಬ ಡಾಕ್ಟರು ಕೇಳಿದರು: "ಮೈಮೇಲೆ ಕಲೆ ಏನಾದರೂ ಇದೆಯಾ?" ರೈತರು ನಾಚುತ್ತಾ ಅಂಗಿಯ ತೋಳು ಮೇಲೆತ್ತಿದರು. ಮೊಣಕೈ ಮೇಲೆ ಕೆಂಪು ಕಲೆ, ಅದರ ಮೇಲೆ ಬಿಳಿ ಹೊಟ್ಟು. ಅದು ಸೋರಿಯಾಸಿಸ್.

ಯೂರಿಕ್ ಆಮ್ಲ ಅಂದರೇನು? ನಮ್ಮ ಮೈಯಲ್ಲಿ ಹಳೆಯ ಜೀವಕೋಶ ಸಾಯ್ತವೆ, ಹೊಸವು ಹುಟ್ತವೆ. ಸತ್ತ ಕೋಶ ಒಡೆದಾಗ ಈ ಆಮ್ಲ ಆಗ್ತದೆ. ಮಾಂಸ, ಮೀನು, ಹೆಂಡದಿಂದಲೂ ಹೆಚ್ಚುತ್ತದೆ. ಬಹುಪಾಲು ಮೂತ್ರದಲ್ಲಿ ಹೊರಗೆ ಹೋಗ್ತದೆ. ಮಿತಿ ಮೀರಿದರೆ ಸಣ್ಣ ಹರಳಾಗಿ ಕೀಲಿನಲ್ಲಿ ಕೂರಬಹುದು. ಆಗ ಬರುವ ನೋವೇ ಗೌಟ್.

ಸೋರಿಯಾಸಿಸ್ ಇದ್ದರೆ ಚರ್ಮ ಬಹಳ ಬೇಗ ಬೆಳೀತದೆ. ಒಂದು ತಿಂಗಳ ಕೆಲಸ ಒಂದು ವಾರದಲ್ಲೇ ಆಗ್ತದೆ. ಹಾಗಾಗಿ ಅವರಲ್ಲೂ ಯೂರಿಕ್ ಆಮ್ಲ ಏರಬಹುದು. ಗೌಟ್ ಇಲ್ಲದಿದ್ದರೂ ಏರಬಹುದು!

ಸೋರಿಯಾಸಿಸ್ ಇರುವ 100 ಜನರಲ್ಲಿ ಸುಮಾರು 20ರಿಂದ 30 ಜನರಿಗೆ ಕೀಲಿನ ರೋಗವೂ ಬರ್ತದೆ. ಮೈಯನ್ನು ಕಾಯುವ ಶಕ್ತಿಯೇ ದಾರಿ ತಪ್ಪಿ ಕೀಲಿನ ಮೇಲೆ ಬೀಳ್ತದೆ. ಇದಕ್ಕೆ ಔಷಧಿ ಬೇರೆ. ಕೆಲವರಿಗೆ ಎರಡೂ ಇರ್ತವೆ. ಅನುಮಾನ ಬಂದರೆ ಕೀಲಿನ ನೀರು ತೆಗೆದು, ಹರಳು ಇದೆಯೇ ಅಂತ ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ.

ಈ ಗುರುತುಗಳನ್ನು ನೆನಪಿಡಿ:

ಬೆರಳು ಪೂರ್ತಿ ಊದುವುದು.
ಉಗುರಿನ ಮೇಲೆ ಸಣ್ಣ ಗುಳಿ ಬೀಳುವುದು.
ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೀಲು ಬಿಗಿಯುವುದು.
ಹಿಮ್ಮಡಿ ನೋಯುವುದು.

ಇವು ಕಂಡರೆ ತಡ ಮಾಡಬೇಡಿ. ಬರೀ ನೋವಿನ ಮಾತ್ರೆ ನುಂಗಿ ಸುಮ್ಮನಿದ್ದರೆ ಬೆರಳು ಸೊಟ್ಟಗಾಗಬಹುದು. ಮತ್ತೆ ನೆಟ್ಟಗಾಗುವುದು ಕಷ್ಟ. ಬೇಗ ಹೋದರೆ ಕೀಲು ಉಳೀತದೆ.

ಇನ್ನೊಂದು ಮಾತು. ಸೋರಿಯಾಸಿಸ್ ಅಂಟುರೋಗ ಅಲ್ಲ. ಮುಟ್ಟಿದರೆ ಬರಲ್ಲ, ಜೊತೆಗೆ ಕೂತು ಉಂಡರೂ ಬರಲ್ಲ. ಮುಚ್ಚಿಡಬೇಕಾದ ತಪ್ಪೇನೂ ಅದರಲ್ಲಿಲ್ಲ.

ಈಗ ನೀವು ಓದು ಕಲಿತಿದ್ದೀರಿ. ರಕ್ತ ಪರೀಕ್ಷೆಯ ಚೀಟಿಯಲ್ಲಿರುವ ಅಂಕಿಯನ್ನು ನೀವೇ ಓದಬಲ್ಲಿರಿ. ಆದರೆ ಆ ಅಂಕಿ ಒಂದೇ ರೋಗದ ಹೆಸರು ಹೇಳಲ್ಲ. ಡಾಕ್ಟರಿಗೆ ಚೀಟಿ ತೋರಿಸಿ. ಜೊತೆಗೆ ಮೈಮೇಲಿನ ಕಲೆಯನ್ನೂ, ಉಗುರನ್ನೂ ತೋರಿಸಿ.