ಬಯಲಲ್ಲಿ ನಿಲ್ಲುವ ಗಾಡಿಗೊಂದು ಹೊದಿಕೆ



ಬೈಕು ಇಟ್ಟುಕೊಂಡವರಿಗೆಲ್ಲ ಶೆಡ್ಡು ಇರುವುದಿಲ್ಲ. ಬಾಡಿಗೆ ಮನೆಯ ಗೇಟಿನ ಹೊರಗೆ, ಹೊಂಗೆ ಮರದ ಬುಡದಲ್ಲಿ, ಚರಂಡಿಯ ಕಲ್ಲುಚಪ್ಪಡಿಯ ಮೇಲೆ ಎಷ್ಟೋ ಗಾಡಿಗಳು ರಾತ್ರಿ ಕಳೆಯುತ್ತವೆ. ತಿಂಗಳು ತಿಂಗಳು ಕಂತು ಕಟ್ಟಿ ಮನೆಗೆ ತಂದ ಗಾಡಿ ಅದು. ಹಾಗಿದ್ದೂ ಅದರ ಹೊದಿಕೆಯನ್ನು ಮಾತ್ರ ರಸ್ತೆ ಬದಿಯಲ್ಲಿ ಬಣ್ಣ ನೋಡಿ, ಚೌಕಾಸಿ ಮಾಡಿ, ಎರಡೇ ನಿಮಿಷದಲ್ಲಿ ಕೊಂಡುಬಿಡುತ್ತೇವೆ. ಬಯಲಲ್ಲಿ ನಿಲ್ಲುವ ಗಾಡಿಗೆ ಎಂಥ ಕವರ್ ಬೇಕು ಎನ್ನುವುದನ್ನು ಇವತ್ತು ನಿಧಾನವಾಗಿ ನೋಡೋಣ.

ಮೇಲಿಂದ ಬೀಳುವ ಮಳೆಯನ್ನು ತಡೆಯುವುದು ದೊಡ್ಡ ಕೆಲಸವಲ್ಲ. ಅಡಿಕೆ ಒಣಗಿಸುವ ಅಂಗಳಕ್ಕೆ ಹೊದಿಸುವ ಟಾರ್ಪಾಲೂ ಅದನ್ನು ತಡೆಯುತ್ತದೆ. ಗಾಡಿಯನ್ನು ನಿಜವಾಗಿ ತಿನ್ನುವುದು ಹೊದಿಕೆಯ ಒಳಗೆ ಸಿಕ್ಕಿಕೊಂಡ ತೇವ. ಮಳೆ ನೆನೆದ ನೆಲದಿಂದ ಆವಿ ಮೇಲೇಳುತ್ತಲೇ ಇರುತ್ತದೆ. ರಾತ್ರಿ ಹೊದಿಕೆಯ ಬಟ್ಟೆ ತಣ್ಣಗಾದಾಗ ಆ ಆವಿ ಅದರ ಒಳಮೈಗೆ ಹನಿಯಾಗಿ ಅಂಟಿ, ಟ್ಯಾಂಕಿನ ಮೇಲೆ, ಚೈನಿನ ಮೇಲೆ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಕವರ್ ತೆಗೆದಾಗ ಗಾಡಿ ಒದ್ದೆಯಾಗಿದ್ದರೆ ಕವರ್ ಸೋರಿದೆ ಎಂದೇ ತಿಳಿಯಬೇಕಾಗಿಲ್ಲ. ಹೆಚ್ಚಿನ ಸಲ ಅದು ಒಳಗೇ ಹುಟ್ಟಿದ ನೀರು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 60 ದಾಟಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಏರುತ್ತದೆ. ಮಂಗಳೂರಿನ ಜುಲೈ ತಿಂಗಳಲ್ಲಿ ಅದು 80ರ ಮೇಲೆಯೇ ಇರುತ್ತದೆ. ಅಂಥ ಗಾಳಿಯನ್ನು ಕವರಿನೊಳಗೆ ಬಿಗಿದು ಕಟ್ಟಿದರೆ ತುಕ್ಕಿಗೆ ಮನೆ ಕಟ್ಟಿಕೊಟ್ಟಂತೆ.

ಕರಾವಳಿ ಮಲೆನಾಡಿನ ಗದ್ದೆಗಳಲ್ಲಿ ನಾಟಿಯ ಹೆಂಗಸರು ತಲೆಗೆ ಏರಿಸುತ್ತಿದ್ದ ಗೊರಬನ್ನು ನೋಡಿದವರಿಗೆ ನಾನು ಹೇಳುವುದು ಬೇಗ ತಿಳಿಯುತ್ತದೆ. ಗೊರಬು ಬೆನ್ನಿಗೆ ಮಳೆ ತಾಗಗೊಡುವುದಿಲ್ಲ, ಆದರೆ ಮೈಗೆ ಅಂಟಿಕೊಳ್ಳುವುದೂ ಇಲ್ಲ. ಕೆಳಗಿನಿಂದ ಗಾಳಿ ಆಡುತ್ತಲೇ ಇರುತ್ತದೆ. ಗಾಡಿಯ ಹೊದಿಕೆಯೂ ಹಾಗೇ ಇರಬೇಕು. ಹ್ಯಾಂಡಲಿನ ಎರಡೂ ಬದಿಗೆ ಗಾಳಿಕಿಂಡಿ, ಆ ಕಿಂಡಿಯ ಮೇಲೆ ಮಳೆ ಒಳಗೆ ಹೋಗದಂತೆ ಒಂದು ಮಡಿಕೆ. ಅಂಗಡಿಯಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಕಿಂಡಿಯಿಲ್ಲದ ಕವರ್ ಎಷ್ಟೇ ಗಟ್ಟಿಯಾಗಿದ್ದರೂ ಮಳೆಗಾಲಕ್ಕೆ ಬೇಡ.

ಇನ್ನು ಬಟ್ಟೆ. ಪೊಟ್ಟಣದ ಮೇಲೆ 190ಟಿ ಎಂದು ದೊಡ್ಡದಾಗಿ ಬರೆದಿರುತ್ತದೆ, ಅಂಗಡಿಯವರು ಅದನ್ನೇ ವಾಟರ್‌ಪ್ರೂಫ್ ಗುರುತು ಎಂದು ತೋರಿಸುತ್ತಾರೆ. ಅದು ಒಂದು ಚದರ ಇಂಚಿನಲ್ಲಿ ಹಾಸು ಹೊಕ್ಕು ಎರಡೂ ಸೇರಿ ಎಷ್ಟು ಎಳೆಗಳಿವೆ ಎನ್ನುವ ಲೆಕ್ಕ, ಅಷ್ಟೆ. ಡೆನಿಯರ್ ಎನ್ನುವುದು ಎಳೆಯ ದಪ್ಪಕ್ಕೆ ಸಂಬಂಧಿಸಿದ್ದು: 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಎರಡರಲ್ಲಿ ಯಾವುದೂ ನೀರಿನ ಮಾತು ಆಡುವುದಿಲ್ಲ. ನೀರನ್ನು ತಡೆಯುವುದು ಬಟ್ಟೆಯ ಒಳಮೈಗೆ ಬಳಿದ ಪಾಲಿಯುರಿಥೇನ್ ಅಥವಾ ಪಿವಿಸಿ ಲೇಪ. ಅದರ ಬಲವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಎಷ್ಟು ಎತ್ತರಕ್ಕೆ ಹನಿ ಆಚೆ ಬರುತ್ತದೆ ಎನ್ನುವ ಅಳತೆ ಅದು. ಪೊಟ್ಟಣದ ಮೇಲೆ 2000 ಮಿಲಿಮೀಟರ್ ಅಥವಾ ಹೆಚ್ಚು ಎಂದಿದ್ದರೆ ನಿಂತ ಗಾಡಿಗೆ ಸಾಕು. ಆ ಅಂಕಿಯೇ ಇಲ್ಲದಿದ್ದರೆ ಬಟ್ಟೆಯನ್ನು ಅಂಗೈಯಲ್ಲಿ ಗುಂಡಿ ಮಾಡಿ ಹಿಡಿದು ಒಂದು ಲೋಟ ನೀರು ಹುಯ್ಯಿರಿ. ಸ್ವಲ್ಪ ಹೊತ್ತು ಕಾದು ಕೆಳಗೆ ಮುಟ್ಟಿ ನೋಡಿ. ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಕಾಗಿಲ್ಲ.

ಬಟ್ಟೆ ಗೆದ್ದರೂ ಹೊಲಿಗೆ ಸೋಲಬಹುದು. ಸೂಜಿ ಹೋದ ಒಂದೊಂದು ತೂತೂ ನೀರಿಗೆ ದಾರಿ. ಸೀಟಿನ ನಡುವೆ ಉದ್ದಕ್ಕೆ ಹೊಲಿಗೆ ಓಡಿದ್ದರೆ ಅಲ್ಲೇ ಮಳೆನೀರು ನಿಂತು ಸ್ಪಂಜಿಗೆ ಇಳಿಯುತ್ತದೆ. ಕವರನ್ನು ಒಳಮಗ್ಗುಲಿಗೆ ತಿರುಗಿಸಿ, ಹೊಲಿಗೆಯ ಮೇಲೆ ಕಾಯಿಸಿ ಅಂಟಿಸಿದ ಪಟ್ಟಿ ಇದೆಯೇ ನೋಡಿ. ಬೆಳಕಿಗೆ ಹಿಡಿದರೆ ತೂತುಗಳು ಚುಕ್ಕಿಚುಕ್ಕಿಯಾಗಿ ಕಾಣುತ್ತವೆ.

ಊರಿಂದ ಊರಿಗೆ ಆಯ್ಕೆ ಬದಲಾಗಬೇಕು. ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಆಗುಂಬೆಗೂ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಗೂ ಒಂದೇ ಕವರ್ ಹೊಂದುವುದಿಲ್ಲ. ಬಿಸಿಲುಸೀಮೆಯಲ್ಲಿ ಶತ್ರು ಬಿಸಿಲು. ಅದು ಸೀಟನ್ನು ಬಿರಿಯಿಸುತ್ತದೆ, ಪ್ಲಾಸ್ಟಿಕ್ ಭಾಗಗಳನ್ನು ಮಂಕು ಮಾಡುತ್ತದೆ, ಕವರನ್ನೂ ತಿನ್ನುತ್ತದೆ. ಅಲ್ಲಿಗೆ ಬೆಳ್ಳಿ ಬಣ್ಣದ ಹೊರಮೈ ಇರುವ ಪಾಲಿಯೆಸ್ಟರ್ ಒಳ್ಳೆಯದು. ನೈಲಾನಿಗಿಂತ ಅದು ಬಿಸಿಲನ್ನು ಹೆಚ್ಚು ಕಾಲ ತಡೆದುಕೊಳ್ಳುತ್ತದೆ. ಕಡಲ ದಂಡೆಯವರಿಗೆ ಉಪ್ಪುಗಾಳಿಯ ಕಾಟ. ಉಪ್ಪಿನ ಕಣ ಕೂತ ಕಬ್ಬಿಣ ಕಡಿಮೆ ತೇವದಲ್ಲೂ ತುಕ್ಕು ಹಿಡಿಯುತ್ತದೆ, ಹಾಗಾಗಿ ಉಡುಪಿ, ಕಾರವಾರದ ಕಡೆಯವರು ಕವರ್ ಹಾಕುವ ಮುಂಚೆ ಗಾಡಿಯನ್ನು ಸಿಹಿನೀರಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಟ್ಟಿರಬೇಕು. ಬೆಂಗಳೂರಿಗೆ ಮಳೆಗಿಂತ ಮರ ಮತ್ತು ಕಟ್ಟಡದ ಧೂಳು ಮುಖ್ಯ. ಹಕ್ಕಿಯ ಹಿಕ್ಕೆ, ಮರದ ಅಂಟು ಬಣ್ಣಕ್ಕೆ ಕಲೆ ಮಾಡುತ್ತವೆ. ಧೂಳು ಕೂತ ಟ್ಯಾಂಕಿನ ಮೇಲೆ ಕವರ್ ಎಳೆದಾಗಲೆಲ್ಲ ಗೀರು ಬೀಳುತ್ತದೆ. ಟ್ಯಾಂಕು ತಾಗುವ ಜಾಗಕ್ಕೆ ಒಳಗೆ ಮೆತ್ತನೆಯ ಅಸ್ತರು ಇದ್ದರೆ ವಾಸಿ, ಧೂಳು ಕೊಡವಿ ಹೊದಿಸುವುದು ಇನ್ನೂ ವಾಸಿ.

ಟ್ಯಾಂಕಿನ ಮುಚ್ಚಳದ ವಿಚಾರವನ್ನು ಇಲ್ಲೇ ಹೇಳಬೇಕು. ಹಲವು ಗಾಡಿಗಳಲ್ಲಿ ಮುಚ್ಚಳದ ಸುತ್ತ ನಿಂತ ನೀರು ಹರಿದುಹೋಗಲು ಒಂದು ಸಣ್ಣ ತೂತು ಇರುತ್ತದೆ. ಮಣ್ಣು, ಹೂವಿನ ಎಸಳು ಸೇರಿ ಅದು ಮುಚ್ಚಿಕೊಂಡರೆ ನೀರು ಟ್ಯಾಂಕಿಗೆ ಇಳಿಯುವ ಅಪಾಯವಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್ ಇದೆ. ಎಥನಾಲ್ ನೀರನ್ನು ಹಿಡಿದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಇಂಧನ ಹೋಗುವುದೂ ತಳದಿಂದಲೇ. ಇದೊಂದು ಕಾರಣಕ್ಕೇ ಮಳೆಗಾಲದಲ್ಲಿ ಟ್ಯಾಂಕು ಮುಚ್ಚಿಡುವುದು ಲೇಸು.

ಅಳತೆಗೆ ಹೋಗುವಾಗ ನಿಮ್ಮ ಗಾಡಿಯ ಹೆಸರು ಹೇಳಿ ಕೇಳಿ. ಸ್ಪ್ಲೆಂಡರ್ ಸುಮಾರು 2 ಮೀಟರ್ ಉದ್ದ, ಕ್ಲಾಸಿಕ್ 350 ಅದಕ್ಕಿಂತ ಉದ್ದ. ಕನ್ನಡಿ, ಲೆಗ್ ಗಾರ್ಡ್, ಹಿಂದಿನ ಪೆಟ್ಟಿಗೆ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಗಿಯಾದ ಕವರ್ ಕನ್ನಡಿಯ ಮೂಲೆಯಲ್ಲಿ ಹರಿಯುತ್ತದೆ. ಸಡಿಲವಾದದ್ದು ಗಾಳಿಗೆ ಉಬ್ಬಿ, ಸೈಡ್ ಸ್ಟ್ಯಾಂಡಿನ ಮೇಲಿರುವ ಗಾಡಿಯನ್ನು ಕೆಡವಲೂಬಹುದು. ಹೊಟ್ಟೆಯ ಕೆಳಗೆ ಬಕಲ್ ಹಾಕಿ ಕಟ್ಟುವ ಪಟ್ಟಿ ಇರಲೇಬೇಕು, ಬರೀ ಎಲಾಸ್ಟಿಕ್ ಸಾಲದು. ಸೆಂಟರ್ ಸ್ಟ್ಯಾಂಡ್ ಇದ್ದವರು ಗಟ್ಟಿ ನೆಲದಲ್ಲಿ ಅದನ್ನೇ ಹಾಕಿ.

ಕೆಲಸದಿಂದ ಬಂದ ಕೂಡಲೇ ಕವರ್ ಎಳೆಯಬೇಡಿ. ಸೈಲೆನ್ಸರ್ ಕಾದಿರುತ್ತದೆ, ಲೇಪ ಕರಗಿ ಅದಕ್ಕೇ ಅಂಟಿಕೊಂಡರೆ ಬಿಡಿಸುವುದು ಪಾಡು. ಊಟ ಮುಗಿಸಿ ಬಂದು ಹೊದಿಸಿ. ದೀಪಾವಳಿಯ ರಾತ್ರಿಗಳಲ್ಲಂತೂ ಬೀದಿಯಲ್ಲಿರುವ ಗಾಡಿಗೆ ಕವರ್ ಬೇಡವೇ ಬೇಡ. ಪಟಾಕಿಯ ಒಂದು ಕಿಡಿ ಸಾಕು, ಹೊದಿಕೆ ಹತ್ತಿಕೊಂಡು ಕೆಳಗೆ ಪೆಟ್ರೋಲ್ ತುಂಬಿದ ಟ್ಯಾಂಕಿಗೆ ಉರಿ ಮುಟ್ಟುತ್ತದೆ.

ಮಳೆ ಬಿಟ್ಟ ದಿನ ಕವರ್ ತೆಗೆದು ಗಾಡಿಗೂ ಬಟ್ಟೆಗೂ ಬಿಸಿಲು ಕಾಣಿಸಿ. ಬಹಳ ದಿನ ಮುಚ್ಚಿಟ್ಟ ಗಾಡಿಯಲ್ಲಿ ಇಲಿ ಗೂಡು ಕಟ್ಟಿ ವೈರು ಕಡಿಯುವುದೂ ಉಂಟು; ಸೀಟಿನ ಅಡಿ, ಏರ್ ಫಿಲ್ಟರಿನ ಸುತ್ತ ಒಮ್ಮೆ ಕಣ್ಣಾಡಿಸಿ. ಕವರಿನ ಒಳಮೈ ಜಿಗುಟಾಗಿ, ಲೇಪ ಹೊಪ್ಪಳಿಕೆಯಂತೆ ಏಳತೊಡಗಿದರೆ ಅದರ ಆಯುಷ್ಯ ಮುಗಿಯಿತು. ಅದನ್ನು ಎಸೆಯಬೇಕಾಗಿಲ್ಲ. ಮಣ್ಣಿನ ಅಂಗಳದವರು ನೀರು ನಿಲ್ಲದ ಜಾಗ ನೋಡಿ, ಗಾಡಿ ನಿಲ್ಲಿಸುವ ಕಡೆ ಅದನ್ನೇ ನೆಲಕ್ಕೆ ಹಾಸಿ, ಸ್ಟ್ಯಾಂಡಿನ ಕಾಲಿಗೆ ಒಂದು ಹಲಗೆಯ ತುಂಡು ಕೊಡಿ. ನೆಲದಿಂದ ಮೇಲೇಳುವ ತೇವ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.