ಲೆಕ್ಕದ ಪುಸ್ತಕಕ್ಕೆ ಬಾರದ ಖರ್ಚು

(ಸಾಕ್ಷ್ಯಚಿತ್ರ ಪ್ರದರ್ಶನದ ಬಳಿಕ ಯುವಕ ಯುವತಿಯರ ಜೊತೆ ಆಡಿದ ಮಾತು)



ಈಗ ನೋಡಿದ್ದು ಕೆನಡಾದ ‘ದಿ ಕಾರ್ಪೊರೇಷನ್’. 2003ರ ಚಿತ್ರ. ಮಾರ್ಕ್ ಅಕ್ಬಾರ್, ಜೆನಿಫರ್ ಅಬಾಟ್ ನಿರ್ದೇಶಿಸಿದ್ದು, ಕಾನೂನು ಪ್ರಾಧ್ಯಾಪಕ ಜೋಯಲ್ ಬಾಕನ್ ಬರೆದದ್ದು. ಅದರ ಪ್ರಶ್ನೆ ಸರಳ. ಕಾನೂನಿನ ಕಣ್ಣಿಗೆ ಕಂಪನಿಯೂ ಒಬ್ಬ ‘ವ್ಯಕ್ತಿ’. ಸರಿ, ಎಂಥ ವ್ಯಕ್ತಿ? ಇನ್ನೊಬ್ಬರ ನೋವು ತಟ್ಟೋದಿಲ್ಲ, ಲಾಭಕ್ಕಾಗಿ ಸುಳ್ಳು ಹೇಳುತ್ತೆ, ಪಶ್ಚಾತ್ತಾಪ ಇಲ್ಲ. ಮನೋವೈದ್ಯರ ಪಟ್ಟಿ ಹಿಡಿದು ನೋಡಿದರೆ ಸಿಗುವ ಉತ್ತರ: ಸೈಕೋಪಾತ್.

ಹಾಗಂತ ಒಳಗಿರುವವರೆಲ್ಲ ಕೆಟ್ಟವರು ಅಂತ ಚಿತ್ರ ಹೇಳೋದಿಲ್ಲ. ಕಾರ್ಪೆಟ್ ಕಂಪನಿಯ ರೇ ಆಂಡರ್ಸನ್ ತಾನು ಭೂಮಿಯನ್ನು ದೋಚುತ್ತಿದ್ದೆ ಅಂತ ತಾನೇ ಒಪ್ಪಿಕೊಳ್ಳುತ್ತಾರೆ. ದೋಷ ಇರೋದು ಲೆಕ್ಕ ಬರೆಯುವ ರೀತಿಯಲ್ಲಿ. ಲಾಭ ನನ್ನ ಪುಸ್ತಕಕ್ಕೆ, ಹಾನಿ ಪಕ್ಕದ ಮನೆಯವನ ತಲೆಗೆ.

ಕೆನಡಾ ದೂರ ಅನ್ನಿಸಿದರೆ ಕಾಸರಗೋಡಿನ ಎಣ್ಮಕಜೆಗೆ ಬನ್ನಿ. ಕನ್ನಡ, ತುಳು, ಮಲಯಾಳ, ಮರಾಠಿ ಮಾತಾಡುವ ಮನೆಗಳು. ಮೇಲೆ ಗುಡ್ಡದಲ್ಲಿ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರುತೋಟ. 1970ರ ದಶಕದಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕೆಳಗೆ ಬಾವಿ, ಸುರಂಗ, ತೋಡು, ಮಕ್ಕಳು. ನೆನಪಿಡಿ, ಇದು ವಿದೇಶಿ ಕಂಪನಿ ಅಲ್ಲ, ಸರ್ಕಾರದ್ದೇ. ಯಜಮಾನ ಯಾರೇ ಇರಲಿ, ಲೆಕ್ಕ ಬರೆಯುವ ರೀತಿ ಅದೇ ಆದರೆ ಫಲವೂ ಅದೇ.

2011ರಲ್ಲಿ ಸುಪ್ರೀಂ ಕೋರ್ಟ್ ಈ ವಿಷವನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರ್ಕಾರಕ್ಕೆ ಆದೇಶಿಸಿತು. ಅಂದರೆ ಬಿಲ್ಲು ಬಂದದ್ದು ಜನರ ಬೊಕ್ಕಸಕ್ಕೆ. ಗೇರುಬೀಜದ ಬೆಲೆಯಲ್ಲಿ ಆ ಖರ್ಚು ಯಾವತ್ತೂ ಸೇರಿರಲಿಲ್ಲ.

ಇಷ್ಟಾದರೂ ಆದದ್ದು ಹೇಗೆ? ಊರಿನ ವೈದ್ಯ ಡಾ. ಮೋಹನ್ ಕುಮಾರ್ ರೋಗಿಗಳನ್ನು ಗಮನಿಸಿ ಬರೆದಿಟ್ಟರು. ಪತ್ರಕರ್ತ ಶ್ರೀ ಪಡ್ರೆ ಲೋಕಕ್ಕೆ ಹೇಳಿದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ಎಂ.ಎ. ರಹಮಾನ್ ಸಾಕ್ಷ್ಯಚಿತ್ರ ಮಾಡಿದರು. ಕಂಪನಿ ಬರೆಯದ ಲೆಕ್ಕವನ್ನು ಊರು ಬರೆಯಿತು.

ನಿಮ್ಮೂರಲ್ಲೂ ಕ್ವಾರಿ ಇರಬಹುದು, ಕಾರ್ಖಾನೆ ಇರಬಹುದು, ಬಣ್ಣ ಬದಲಾದ ಹಳ್ಳ ಇರಬಹುದು. ಕೈಯಲ್ಲಿ ಮೊಬೈಲ್ ಇದೆ. ತಾರೀಖು, ಜಾಗ, ಫೋಟೋ ಇಟ್ಟುಕೊಳ್ಳಿ. ಅರ್ಜಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಅಹವಾಲನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ‘ಕನ್ನಡ ನಡೆಯಲ್ಲ’ ಅಂತ ಕಚೇರಿಯವರು ಹೇಳಿದರೆ ಆ ವಿಧಿಯ ಸಂಖ್ಯೆ ಬರೆದು ಕೊಡಿ.

ಅಜ್ಜಿಯ ಕೆಮ್ಮು ಯಾವ ಭಾಷೆಯಲ್ಲಿದೆಯೋ, ಅದರ ಲೆಕ್ಕವೂ ಆ ಭಾಷೆಯಲ್ಲೇ ಇರಲಿ.